ಕನ್ನಡಕದಕ್ಕನ ಕೆಂಪು ಪೆನ್ಸಿಲ್

ಕನ್ನಡಕದಕ್ಕನ ಕಪಾಟು ಸೇರಿದ ಹಾಳೆ ಮತ್ತೆ ಹೊರಗೆ ಬರುವುದಿಲ್ಲ ಎನ್ನುವುದು ಆ ಕಂಪನಿಯಲ್ಲಿ ಕಸ ಗುಡಿಸುವವಳಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಗೊತ್ತಿತ್ತು. ಹೊರಗೆ ಬರುವುದೇನಿದ್ದರೂ ಜೆರಾಕ್ಸ್. ಹನ್ನೊಂದು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಒಂದೇ. ಬೇರೆಯವರು ಬರೆದ ಪ್ರೋಗ್ರಾಮನ್ನು ಕಾಗದದ ಮೇಲೆ ಸಾಲು ಸಾಲಾಗಿ ಓದುವುದು, ತಪ್ಪು ಕಂಡಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕುವುದು, ಪಕ್ಕದಲ್ಲಿ ಸರಿಯಾದ ಸಾಲು ಬರೆದು ತಾರೀಖು ಹಾಕುವುದು. ಆಮೇಲೆ ಎದ್ದು ಹೋಗಿ, ನೀರಿನ ಕ್ಯಾನಿನ ಪಕ್ಕದ ಜೆರಾಕ್ಸ್ ಮೆಷಿನ್ನಿನಲ್ಲಿ ನಕಲು ತೆಗೆದು, ನಕಲನ್ನು ಬರೆದವನ ಮೇಜಿನ ಮೇಲಿಟ್ಟು, ಮೂಲವನ್ನು ತನ್ನ ಫೈಲಿಗೆ ಸೇರಿಸುವುದು.

"ಅಕ್ಕಂಗೆ ಯಾಕೆ ಮದುವೆ ಆಗ್ಲಿಲ್ಲ ಹೇಳಿ? ಗಂಡು ಸಿಕ್ಕಿದ್ದ. ಜೆರಾಕ್ಸ್ ಸಿಗ್ಲಿಲ್ಲ" ಅಂತ ಬೆಸುಗೆ ಹಾಕುವ ಕೋಣೆಯವರು ಅವಳಿಗೆ ಕೇಳಿಸುವ ಹಾಗೆಯೇ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೇ ಏನು ಮಾಡುತ್ತಾಳೆ, ಹೇಳಿ. ಮೂವತ್ತೆಂಟು ವರ್ಷದ ಒಂಟಿ ಹೆಂಗಸು ತಮಾಷೆಗೆ ಮುಖ ಸಿಂಡರಿಸಿದರೆ ಅದೂ ಒಂದು ತಮಾಷೆಯಾಗುತ್ತದೆ.

ಕಂಪನಿ ಅಂದರೆ ಭಾರಿ ಕಂಪನಿಯೇನಲ್ಲ. ಒಂದು ಗಲ್ಲಿಯ ಕೊನೆಯಲ್ಲಿ ಎರಡು ಮಹಡಿ. ನೋಟ್‌ಬುಕ್ ಕಾರ್ಖಾನೆಗಳಲ್ಲಿ ರೀಮುಗಟ್ಟಲೆ ಕಾಗದವನ್ನು ಒಂದೇ ಏಟಿಗೆ ಕತ್ತರಿಸುವ ದೊಡ್ಡ ಮೆಷಿನ್ನುಗಳಿರುತ್ತವಲ್ಲ, ಅವುಗಳ ಬೋರ್ಡು ಅಲ್ಲಿ ತಯಾರಾಗುತ್ತಿತ್ತು. ಅಲಗು ಯಾವಾಗ ಇಳಿಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಬುದ್ಧಿ ಆ ಬೋರ್ಡಿನ ಚಿಪ್ಪಿನಲ್ಲಿ. ಚಿಪ್ಪಿನ ಬುದ್ಧಿ ಬರೆಯುತ್ತಿದ್ದದ್ದು ಸಿ ಭಾಷೆಯಲ್ಲಿ. ಬರೆಯುತ್ತಿದ್ದವರಲ್ಲಿ ಒಬ್ಬ ಅವಳ ತಮ್ಮ.

ತಮ್ಮ ಅಂದರೆ ಬರೀ ತಮ್ಮನಲ್ಲ. ಅಮ್ಮ ಸತ್ತಾಗ ಅವನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಶಾಲೆಯಲ್ಲಿ ಹೊಡೆದಾಡಿ ಬಂದರೆ ಹೊಡೆಸಿಕೊಂಡವನ ಮನೆಗೆ ಹೋಗಿ ಕೈ ಮುಗಿದದ್ದು ಎಲ್ಲ ಅವಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದೇ ಸಾಕಿದವರಿಗೆ ಹೆಗ್ಗಣ ಇನ್ನೂ ಒಂದು ಕೈ ಹೆಚ್ಚು ಮುದ್ದು.

ಹದಿನೇಳನೆಯ ವಯಸ್ಸಿನಲ್ಲಿ ಅವನು ಸಿ ಪರೀಕ್ಷೆಯಲ್ಲಿ ಫೇಲಾದ. ಪ್ರೋಗ್ರಾಮಿನ ಒಂದು ಫಂಕ್ಷನ್ನಿನಿಂದ, ಅಂದರೆ ಒಂದೊಂದು ಕೆಲಸ ಮಾಡುವ ತುಂಡಿನಿಂದ, ಇನ್ನೊಂದಕ್ಕೆ ಬೆಲೆ ಹೇಗೆ ಹೋಗುತ್ತದೆ ಎನ್ನುವುದೇ ಅವನ ತಲೆಗೆ ಹತ್ತಿರಲಿಲ್ಲ. ಅಕ್ಕ ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ತನ್ನ ಪುಸ್ತಕದಲ್ಲಿ ಐದು ಎಂದು ಬರೆದಳು. ಆಮೇಲೆ ಅವನ ಅಂಗೈ ಮೇಲೂ ಐದು ಎಂದು ಬರೆದಳು.

"ಈಗ ನಿನ್ನ ಕೈಲಿರೋದನ್ನ ಹತ್ತು ಮಾಡ್ಕೋ."

ಮಾಡಿಕೊಂಡ.

"ನನ್ನ ಪುಸ್ತಕದಲ್ಲಿ ಎಷ್ಟಿದೆ?"

"ಐದು."

"ಅಷ್ಟೇ ಕಣೋ. ಬೆಲೆ ಕಳ್ಸೋದು ಅಂದ್ರೆ ನಕಲು ಕಳ್ಸೋದು. ನಿನ್ನ ನಕಲನ್ನ ನೀನು ಹರಿ, ಸುಡು, ನಂಗೇನೂ ಆಗಲ್ಲ. ಆದ್ರೆ ನನ್ನಲ್ಲಿರೋದೇ ಬದಲಾಗ್ಬೇಕು ಅಂದ್ರೆ ನಾನು ನಿಂಗೆ ವಿಳಾಸ ಕೊಡ್ಬೇಕು." ಸೆರಗಿನ ಗಂಟಿನಿಂದ ಬೀರುವಿನ ಕೀಲಿ ಬಿಚ್ಚಿ ಅವನ ಕೈಗಿಟ್ಟಳು. "ಒಳಗೆ ಇನ್ನೊಂದು ಚೀಟಿ ಇದೆ. ಹೋಗಿ ಅದನ್ನ ಹತ್ತು ಮಾಡಿ ಬಾ."

ಹೋದ, ಮಾಡಿದ, ಬಂದ. ಬರುವಾಗ ಚೀಟಿಯ ಪಕ್ಕದಲ್ಲಿದ್ದ ಅವಳ ಕೈಗಡಿಯಾರವನ್ನೂ ಕಟ್ಟಿಕೊಂಡು ಬಂದಿದ್ದ. ಮೊದಲ ಸಂಬಳದಲ್ಲಿ ಅವಳು ತನಗೆಂದು ಕೊಂಡಿದ್ದ ಒಂದೇ ವಸ್ತು ಅದು.

"ಇದ್ಯಾಕೋ?"

"ಕೀಲಿ ಕೊಟ್ಟೋಳು ನೀನೇ ತಾನೇ ಅಕ್ಕ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ತಮ್ಮನಿಗೆ ಪಾಠ ಎಷ್ಟು ಚೆನ್ನಾಗಿ ಅರ್ಥವಾಯಿತು ನೋಡಿ ಎಂದು ವರ್ಷಗಟ್ಟಲೆ ಕಂಡಕಂಡವರಿಗೆಲ್ಲ ಹೇಳಿದಳು. ಗಡಿಯಾರ ಅವನ ಕೈಯಲ್ಲೇ ಉಳಿಯಿತು.

ಅವನನ್ನು ಕಂಪನಿಗೆ ಸೇರಿಸಿದ್ದೂ ಅವಳೇ. ಯಜಮಾನರ ಕೋಣೆಯಲ್ಲಿ ನಿಂತು "ಅವ್ನು ಬರೆದಿದ್ದನ್ನ ನಾನು ಓದ್ತೀನಲ್ಲ ಸಾರ್" ಅಂದಿದ್ದಳು. ಅವನಿಗೆ ಮದುವೆಯಾಯಿತು. ಮೂರು ಕೋಣೆಯ ಮನೆಯಲ್ಲಿ ದೊಡ್ಡ ಕೋಣೆ ಗಂಡಹೆಂಡಿರಿಗೆ ಹೋಯಿತು, ಅಕ್ಕನ ಮಂಚ ಅಡುಗೆಮನೆಯ ಪಕ್ಕಕ್ಕೆ ಬಂತು.

ಈಗ ತಪ್ಪಿನ ವಿಷಯಕ್ಕೆ ಬರೋಣ. ತಪ್ಪು ಇಷ್ಟೇ ಇಷ್ಟು.

ಅಲಗಿನ ಮುಂದೆ ಒಂದು ಬೆಳಕಿನ ಗೆರೆ ಇರುತ್ತದೆ. ಕೈ ಅಡ್ಡ ಬಂದರೆ ಬೆಳಕು ಕಡಿಯುತ್ತದೆ, ಅಲಗು ನಿಲ್ಲಬೇಕು. ಹಳೆಯ ಪ್ರೋಗ್ರಾಮಿನಲ್ಲಿ ಇದೆಲ್ಲ ಒಂದೇ ಉದ್ದನೆಯ ಫಂಕ್ಷನ್ನಿನಲ್ಲಿತ್ತು. ತಮ್ಮ ಅದನ್ನು ಅಂದ ಮಾಡಲು ಹೋಗಿ ಎರಡಾಗಿ ಒಡೆದ. ಬೆಳಕು ನೋಡುವ ಕೆಲಸ ಒಂದು ಚಿಕ್ಕ ಫಂಕ್ಷನ್ನಿಗೆ ಹೋಯಿತು. ಅದಕ್ಕೆ 'ಸ್ಟಾಪ್' ಎನ್ನುವ ವೇರಿಯಬಲನ್ನು, ಒಂದಿದ್ದರೆ ನಿಲ್ಲು, ಸೊನ್ನೆಯಿದ್ದರೆ ಇಳಿ ಎಂದು ಹೇಳುವ ಅಂಕಿಯ ಖಾನೆಯನ್ನು, ಕೊಡಬೇಕಿತ್ತು. ಕೊಟ್ಟ. ಆದರೆ ವಿಳಾಸ ಕೊಡಲಿಲ್ಲ, ಬೆಲೆ ಕೊಟ್ಟ. ಚಿಕ್ಕ ಫಂಕ್ಷನ್ ಕೈ ಕಂಡಾಗ ತನ್ನ ನಕಲಿನಲ್ಲಿ ನಿಯತ್ತಾಗಿ ಒಂದು ಎಂದು ಬರೆದುಕೊಂಡು ಸುಮ್ಮನಾಗುತ್ತಿತ್ತು. ಅಲಗು ಇಳಿಸುವ ದೊಡ್ಡ ಫಂಕ್ಷನ್ನಿನಲ್ಲಿ ಮಾತ್ರ ಯಾವಾಗಲೂ ಸೊನ್ನೆ. ಅಂಗೈ ಮೇಲೆ ಬರೆದು ಕಲಿಸಿದ ಪಾಠದಲ್ಲೇ ಎಡವಿದ್ದ, ಪುಣ್ಯಾತ್ಮ.

ಪರೀಕ್ಷೆಯ ಕೋಣೆಯಲ್ಲಿ ಇದು ಸಿಕ್ಕಿಬೀಳಲಿಲ್ಲ. ಅಲ್ಲಿದ್ದದ್ದು ಹಳೆಯ ಮೆಷಿನ್ನು. ಅದರಲ್ಲಿ ತಂತಿಯಲ್ಲೇ ಇನ್ನೊಂದು ತಡೆ ಇತ್ತು, ಬೋರ್ಡು ಹೇಳದಿದ್ದರೂ ಅಲಗು ನಿಲ್ಲುತ್ತಿತ್ತು. ಹೊಸ ಮಾದರಿಯಲ್ಲಿ ಆ ಎರಡನೆಯ ತಡೆ ದಂಡ ಎಂದು ಯಜಮಾನರೇ ತೆಗೆಸಿದ್ದರು.

ಆದರೆ ಅಕ್ಕನಿಗೆ ಸಿಕ್ಕಿತ್ತು. ಹಾಳೆ ಓದುತ್ತಾ ನಾಲ್ಕನೆಯ ಪುಟದಲ್ಲಿ ಅವಳ ಪೆನ್ಸಿಲ್ ನಿಂತಿತು. ಸುತ್ತು ಹಾಕಿದಳು. ಪಕ್ಕದಲ್ಲಿ 'ಬೆಲೆ ಬೇಡ, ವಿಳಾಸ ಕಳಿಸು' ಎಂದು ಬರೆದು, ಸಾಲು ತಿದ್ದಿ, ತಾರೀಖು ಹಾಕಿದಳು. ಜೆರಾಕ್ಸ್ ಅವನ ಮೇಜಿಗೆ, ಮೂಲ ಫೈಲಿಗೆ.

ಕಂಪನಿಯ ನಿಯಮದ ಪ್ರಕಾರ, ತಿದ್ದಿದ ಮೇಲೆ ಎರಡನೆಯ ಸಲ ಪ್ರಿಂಟ್ ತೆಗೆಯಬೇಕು, ಅದನ್ನು ಓದಿ ಅವಳು ರಿಜಿಸ್ಟರಿನಲ್ಲಿ 'ಸರಿ' ಎಂದು ಸಹಿ ಹಾಕಬೇಕು. ಆವತ್ತು ಮಧ್ಯಾಹ್ನ ತಮ್ಮ ರಿಜಿಸ್ಟರನ್ನೇ ಹೊತ್ತುಕೊಂಡು ಬಂದ.

"ತಿದ್ದಿದೀನಕ್ಕ. ಪ್ರಿಂಟರ್ ರಿಬ್ಬನ್ ಮುಗ್ದಿದೆ. ಹೊಸ್ದು ನಾಳೆ ಬರುತ್ತೆ. ಚಿಪ್ ರೂಮಿನವ್ರು ಕಾಯ್ತಿದಾರೆ, ಸಹಿ ಹಾಕ್ಬಿಡು."

"ನಿಜವಾಗ್ಲೂ ತಿದ್ದಿದೀಯಾ?"

"ಅಯ್ಯೋ, ನಿನ್ನ ಹತ್ರ ಸುಳ್ಳು ಹೇಳ್ತೀನಾ?"

ಅವನು ಸುಳ್ಳು ಹೇಳಿರಲಿಲ್ಲ, ಅದೇ ಕರ್ಮ. ತಿದ್ದಿದ್ದ. ತನ್ನ ಫ್ಲಾಪಿಯಲ್ಲಿ ತಿದ್ದಿದ್ದ. ಅದರಿಂದ ಯಜಮಾನರ ಕಪಾಟಿನಲ್ಲಿರುವ ಕಂಪನಿಯ ಫ್ಲಾಪಿಗೆ ಇಳಿಸಬೇಕಿತ್ತು. ಕಪಾಟಿಗೆ ಬೀಗ ಬಿದ್ದಿತ್ತು, ಯಜಮಾನರು ಹೊರಗೆ ಹೋಗಿದ್ದರು. ಫ್ಲಾಪಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ಮರೆತ. ಸಂಜೆ ಯಜಮಾನರು ಬಂದು ರಿಜಿಸ್ಟರಿನಲ್ಲಿ ಅಕ್ಕನ ಸಹಿ ನೋಡಿ, ಕಪಾಟಿನಲ್ಲಿದ್ದ ಕಂಪನಿಯ ಫ್ಲಾಪಿಯನ್ನೇ ಚಿಪ್ ರೂಮಿಗೆ ಕಳಿಸಿದರು. ತಿದ್ದದ ಪ್ರೋಗ್ರಾಮೇ ಚಿಪ್ಪುಗಳಿಗೆ ಇಳಿಯಿತು.

ಹನ್ನೊಂದು ವರ್ಷದಲ್ಲಿ ಎರಡನೆಯ ಪ್ರಿಂಟ್ ನೋಡದೆ ಅವಳು ಹಾಕಿದ ಸಹಿ ಅದೊಂದೇ. ಬೇರೆ ಯಾವನಾದರೂ ಹಾಗೆ ಬಂದು ನಿಂತಿದ್ದರೆ ಬಾಗಿಲು ತೋರಿಸುತ್ತಿದ್ದಳು.

ಏಳು ವಾರ ಕಳೆದು ಒಂದು ಬೆಳಗ್ಗೆ ಹನ್ನೊಂದು ಗಂಟೆಗೆ ಫೋನು ಬಂತು. ನೋಟ್‌ಬುಕ್ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುವ ಹೆಂಗಸು ಅಲಗಿನ ಕೆಳಗೆ ಸಿಕ್ಕಿಕೊಂಡ ಕಾಗದದ ಚೂರು ತೆಗೆಯಲು ಕೈ ಹಾಕಿದ್ದಳು. ಬಲಗೈಯ ನಾಲ್ಕು ಬೆರಳು ಹೋದವು.

ಅಕ್ಕ ಕಪಾಟಿಗೆ ಓಡಿ ಫೈಲು ತೆಗೆದಳು. ಕೆಂಪು ಸುತ್ತು ಅಲ್ಲೇ ಇತ್ತು, ತಾರೀಖೂ ಇತ್ತು. ಆಗ ಅವಳಿಗೆ ಮೊದಲು ಬಂದದ್ದು ಸಂಕಟವಲ್ಲ, ಸಮಾಧಾನ. ಸದ್ಯ, ನಾನು ಹಿಡಿದಿದ್ದೆ ಎಂಬ ಸಮಾಧಾನ. ಅಲ್ಲಿ ಒಬ್ಬಳ ಬೆರಳುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಾರೆ, ಇಲ್ಲಿ ಇವಳಿಗೆ ಸಮಾಧಾನ! ಒಂದು ನಿಮಿಷ ಬಿಟ್ಟು ನಾಚಿಕೆಯಾಯಿತು, ಅದು ಬೇರೆ ಮಾತು.

ಮನೆಗೆ ಬಂದು, ತಿದ್ದಿದ ಫ್ಲಾಪಿ ಎಲ್ಲಿ ಹೋಯಿತೆಂದು ಹುಡುಕುತ್ತಾ, ಬಾಗಿಲ ಹಿಂದಿನ ಮೊಳೆಗೆ ಒಗೆಯದೆ ನೇತುಹಾಕಿದ್ದ ತಮ್ಮನ ಹಳೆಯ ಅಂಗಿಯ ಜೇಬಿಗೆ ಕೈ ಹಾಕಿದಳು. ಫ್ಲಾಪಿ ಸಿಕ್ಕಿತು. ತಮ್ಮ ಅದನ್ನು ನೋಡಿ "ಅಯ್ಯೋ, ಇಳಿಸೋದು ಮರ್ತೇಬಿಟ್ಟೆ" ಎಂದು ಕೂಗಿದ. ಅವನ ಹೆಂಡತಿಗೆ ಆಗ ಎಂಟು ತಿಂಗಳು. ಅವಳು ಅಡುಗೆಮನೆಯಿಂದಲೇ "ಏನಾಯ್ತು ಅತ್ತಿಗೆ?" ಎಂದು ಕೇಳಿದಳು. "ಏನಿಲ್ಲಮ್ಮ, ನೀನು ಕೂತ್ಕೋ" ಅಂದಳು ಅಕ್ಕ. ಹಾಗಂದು, ಫ್ಲಾಪಿಯನ್ನು ತಮ್ಮನ ಕೈಗೇ ವಾಪಸು ಕೊಟ್ಟಳು.

ಮರುದಿನ ಅಕ್ಕ ಆಸ್ಪತ್ರೆಗೆ ಹೋದಳು. ಕಂಪನಿಯಿಂದ ಬೇರೆ ಯಾರೂ ಹೋಗಿರಲಿಲ್ಲ. ಆ ಹೆಂಗಸು ಅವಳಿಗಿಂತ ಚಿಕ್ಕವಳು, ಸಪೂರ ಮೈ, ಹಾಸಿಗೆಯಲ್ಲಿ ನೆಟ್ಟಗೆ ಕೂತಿದ್ದಳು. ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದಳು.

"ಕೈ ಅಡ್ಡ ಬಂದ್ರೆ ತಾನಾಗೇ ನಿಲ್ಲುತ್ತೆ ಅಂದಿದ್ರು" ಅಂದಳು ಆ ಹೆಂಗಸು. "ಹಳೇ ಮೆಷಿನ್ನಲ್ಲಿ ನಾನು ದಿನಾ ಕೈ ಹಾಕಿ ತೆಗೀತಿದ್ದೆ. ಇದನ್ನ ಮೊದ್ಲೇ ಯಾರೂ ನೋಡೋದಿಲ್ವಾ ನಿಮ್ಮಲ್ಲಿ?"

"ನೋಡ್ತಾರೆ. ನಾನೇ ನೋಡೋದು."

"ನೋಡಿದ್ರಾ?"

"ನೋಡಿದ್ದೆ. ತಪ್ಪು ಕಂಡಿತ್ತು."

ಆ ಹೆಂಗಸು ಅವಳ ಕನ್ನಡಕವನ್ನೇ ನೋಡಿದಳು. "ಕಂಡು ಏನು ಮಾಡಿದ್ರಿ?"

ಬರೆದೆ, ತಾರೀಖು ಹಾಕಿದೆ, ಜೆರಾಕ್ಸ್ ತೆಗೆದೆ. ಇದನ್ನು ಆ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ತಂದಿದ್ದ ಹಣ್ಣಿನ ಚೀಲವನ್ನು ಸ್ಟೂಲಿನ ಮೇಲಿಟ್ಟಳು. "ತಗೊಂಡ್ಹೋಗಿ, ಸುಲಿದು ಕೊಡೋರು ಇಲ್ಲಿ ಯಾರೂ ಇಲ್ಲ" ಅಂದಳು ಆ ಹೆಂಗಸು.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಯಾರೋ ಒಬ್ಬರ ತಲೆ ಉರುಳುವುದು ಖಾತ್ರಿ. ಎರಡನೆಯ ತಡೆ ತೆಗೆಸಿದ ಯಜಮಾನರ ತಲೆಯಂತೂ ಅಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಎರಡು: ಬರೆದವನದು, ಓದಿದವಳದು. ತಪ್ಪು ಯಾರ ಪಾಲಿಗೆ ಬರುತ್ತದೋ ಅವರಿಗೆ ಈ ಕಸುಬಿನಲ್ಲಿ ಇನ್ನೆಲ್ಲೂ ಬಾಗಿಲು ತೆರೆಯುವುದಿಲ್ಲ. ಕೆಂಪು ಸುತ್ತಿನ ಹಾಳೆ ಇದ್ದರೆ ಅಕ್ಕನ ಪಾಲಿಗೆ ಅವಸರದ ಒಂದು ಸಹಿಯ ತಪ್ಪು ಮಾತ್ರ. ಹಾಳೆ ಇಲ್ಲದಿದ್ದರೆ, ಕಣ್ಣೆದುರಿನ ಅಲಗನ್ನೇ ಕಾಣದ ಕುರುಡಿ.

ವಿಚಾರಣೆಯ ಬೆಳಗ್ಗೆ ತಮ್ಮ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಅವಳ ಮಂಚದ ಬಳಿ ಬಂದ. ಕಣ್ಣು ಕೆಂಪಾಗಿದ್ದವು.

"ಅಕ್ಕ, ನಾನೇ ಒಪ್ಕೊಂಡ್ಬಿಡ್ತೀನಿ. ಮೊದಲು ನನ್ನನ್ನೇ ಕರೀತಾರೆ. ನೀನು ತೋರ್ಸಿದ್ರೆ ತಮ್ಮನ್ನ ಅಕ್ಕನೇ ಹಿಡಿದು ಕೊಟ್ಲು ಅಂತಾರೆ. ನಾನೇ ತೋರ್ಸಿ, ನನ್ನ ಅಕ್ಕ ಹಿಡಿದಿದ್ಲು, ನಾನೇ ಮರೆತೆ ಅಂತೀನಿ. ಅಷ್ಟು ಮರ್ಯಾದೆನಾದ್ರೂ ಉಳೀಲಿ ನಂಗೆ. ಹಾಳೆ ಕೊಡು."

"ಜೆರಾಕ್ಸ್ ತಗೊಂಡ್ಹೋಗು."

"ಜೆರಾಕ್ಸಲ್ಲಿ ಕೆಂಪು ಕಪ್ಪಾಗುತ್ತಲ್ಲಕ್ಕ. ಪ್ರಿಂಟ್ ಯಾವುದು, ನೀನು ಬರೆದಿದ್ದು ಯಾವುದು, ಯಾವಾಗ ಬರೆದಿದ್ದು, ಯಾರು ನಂಬ್ತಾರೆ?"

ಮಾತು ಸರಿಯಾಗಿಯೇ ಇತ್ತು. ಅವಳ ಕಣ್ಣಲ್ಲಿ ನೀರು ಬಂತು. ಸಾಕಿದ್ದು ದಂಡವಾಗಲಿಲ್ಲ, ಮನುಷ್ಯನಾದ ಎಂದುಕೊಂಡಳು. ಚೀಲದಲ್ಲಿ ಕಟ್ಟಿ ತಂದಿದ್ದ ಫೈಲನ್ನು ಬಿಚ್ಚಿ ಮೂಲ ಹಾಳೆಯನ್ನು ಅವನ ಕೈಗಿಟ್ಟಳು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬಗ್ಗಿ ಅವಳ ಕಾಲು ಮುಟ್ಟಿದ.

ಅಧಿಕಾರಿ ಯಜಮಾನರ ಕೋಣೆಯಲ್ಲಿ ಕೂತಿದ್ದರು. ತಮ್ಮ ಒಳಗೆ ಹೋಗಿ ಇಪ್ಪತ್ತು ನಿಮಿಷ ಇದ್ದ. ಹೊರಗೆ ಬರುವಾಗ ಅಕ್ಕನ ಕಡೆ ನೋಡಲಿಲ್ಲ. ಕೈಯ ಗಡಿಯಾರ ತಿರುಗಿಸಿಕೊಳ್ಳುತ್ತಾ ನೇರವಾಗಿ ಮೆಟ್ಟಿಲಿಳಿದು ಹೋದ. ಪಾಪ, ನಾಚಿಕೆ ಎಂದುಕೊಂಡಳು ಅವಳು.

ಅಧಿಕಾರಿ ರಿಜಿಸ್ಟರನ್ನು ಅವಳತ್ತ ತಿರುಗಿಸಿದರು. "ಇದು ನಿಮ್ಮ ಸಹಿನಾ?"

"ಹೌದು ಸಾರ್. ತಿದ್ದೋದಕ್ಕೆ ಹೇಳಿ ಆಮೇಲೆ ಹಾಕಿದ್ದು. ಹಾಳೆ ನೋಡಿದ್ರಲ್ಲ."

"ಯಾವ ಹಾಳೆ?"

ಅವಳು ಯಜಮಾನರ ಮುಖ ನೋಡಿದಳು. ಯಜಮಾನರು ಕಿಟಕಿ ನೋಡಿದರು.

"ನನ್ನ ತಮ್ಮ ಕೊಟ್ನಲ್ಲ. ಕೆಂಪು ಪೆನ್ಸಿಲಿಂದು."

"ನಿಮ್ಮ ತಮ್ಮ ಯಾವ ಹಾಳೆನೂ ಕೊಡ್ಲಿಲ್ಲಮ್ಮ. ನೀವು ತಪ್ಪು ಹೇಳಲೇ ಇಲ್ಲ, ಹೇಳಿದ್ರೆ ತಿದ್ತಿದ್ದೆ ಅಂದ್ರು. ಅಕ್ಕ ಇತ್ತೀಚೆಗೆ ಸುಸ್ತಾಗ್ತಾಳೆ, ಕಣ್ಣು ಮಂಜು ಅಂತಾಳೆ, ಬಯ್ಬೇಡಿ ಅಂತ ನಿಮ್ಮ ಪರವಾಗಿ ಕೇಳ್ಕೊಂಡ್ರು."

ಅವಳು ಎದ್ದು ಹೋಗಿ ತಮ್ಮನ ಮೇಜಿನ ಖಾನೆಯಲ್ಲಿ ಹುಡುಕಿ, ಏಳು ವಾರದ ಹಿಂದಿನ ಜೆರಾಕ್ಸನ್ನು ಕಾಗದಗಳ ಅಡಿಯಿಂದ ಎಳೆದು ತಂದಳು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದರು. ಕಪ್ಪು ಅಕ್ಷರ, ಕಪ್ಪು ಸುತ್ತು, ಕಪ್ಪು ತಾರೀಖು.

"ಇದು ನಕಲು. ನಿನ್ನೆ ಬರೆದು ತೆಗೆದಿದ್ದೂ ಹೀಗೇ ಇರುತ್ತೆ. ಮೂಲ ಎಲ್ಲಿ?"

"ಬೆಳಗ್ಗೆ ತಮ್ಮನ ಕೈಗೆ ಕೊಟ್ಟೆ ಸಾರ್" ಅಂದಳು. ಆದರೆ ಮೂಲ ಯಾವತ್ತೂ ಅವಳ ಕಪಾಟಿನಲ್ಲೇ ಇರುತ್ತದೆ ಎಂದು ಕಂಪನಿಗೆ ಕಂಪನಿಯೇ ಸಾಕ್ಷಿ ಹೇಳುತ್ತಿತ್ತು. ಹೇಳಿತು ಕೂಡ. ಬೆಸುಗೆಯವರನ್ನು ಕರೆದು ಕೇಳಿದಾಗ "ಅಕ್ಕ ಮೂಲ ಯಾರಿಗೂ ಕೊಡಲ್ಲ ಸಾರ್, ಪ್ರಾಣ ಬೇಕಾದ್ರೂ ಕೊಟ್ಟಾಳು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಹಾಗಾದರೆ ಇದರ ಮೂಲ ಕಪಾಟಿನಲ್ಲಿಲ್ಲ ಎಂದರೆ ಇರಲೇ ಇಲ್ಲ ಎಂದಾಯಿತು. ಅಧಿಕಾರಿ ಬರೆದುಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳನ್ನು ಅವತ್ತೇ ಮಧ್ಯಾಹ್ನ ಮನೆಗೆ ಕಳಿಸಿದರು. ಕಪಾಟಿನ ಕೀಲಿ ಇಸಿದುಕೊಂಡರು.

ತಮ್ಮ ಆರು ಗಂಟೆಗೆ ಬಂದ. ಅವಳು ಅಡುಗೆಮನೆಯ ಅದೇ ಮೇಜಿನ ಮುಂದೆ ಕೂತಿದ್ದಳು.

"ಹಾಳೆ ಎಲ್ಲೋ?"

"ಹರಿದೆ."

"ಫ್ಲಾಪಿ?"

"ಅಳಿಸ್ದೆ." ಅವನು ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದ. "ನೋಡಕ್ಕ, ಕೂತು ಯೋಚನೆ ಮಾಡು. ಇಬ್ರಲ್ಲಿ ಒಬ್ರು ಹೋಗ್ಲೇಬೇಕಿತ್ತು. ನಂಗೆ ಹೆಂಡತಿ, ಮಗು. ನಿಂಗ್ಯಾರಿದಾರೆ?"

"ಒಪ್ಕೋತೀನಿ ಅಂದ್ಯಲ್ಲೋ. ಕಾಲು ಮುಟ್ಟಿದ್ಯಲ್ಲೋ."

"ಮೆಟ್ಲು ಹತ್ತೋವರೆಗೂ ಅದೇ ಮನಸ್ಸಿತ್ತು, ಆಣೆ ಮಾಡಿ ಹೇಳ್ತೀನಿ. ಆಮೇಲೆ ಕೈ ಜೇಬಿಗೆ ಹೋಗ್ಲಿಲ್ಲ." ಲೋಟ ಕೆಳಗಿಟ್ಟ. "ಅಷ್ಟಕ್ಕೂ ಕೊಟ್ಟೋಳು ನೀನೇ ತಾನೇ ಅಕ್ಕ?"

ಈ ಸಲ ಅವಳು ನಗಲಿಲ್ಲ. ಒಳಕೋಣೆಯಲ್ಲಿ ಅವನ ಹೆಂಡತಿ ಮಗುವಿನ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಅವತ್ತು ಮೂವರೂ ಉಂಡರು. ಬಡಿಸಿದ್ದು ಅಕ್ಕನೇ.

ಹೆಣ್ಣುಮಗು ಹುಟ್ಟಿತು. ಕಂಪನಿಯಲ್ಲಿ ಓದುವವರ ಕುರ್ಚಿ ಖಾಲಿಯಿತ್ತಲ್ಲ, ಅದಕ್ಕೆ ತಮ್ಮನನ್ನೇ ಕೂರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅಕ್ಕನ ಗರಡಿಯಲ್ಲಿ ಪಳಗಿದವನು ಎಂದರಂತೆ ಯಜಮಾನರು. ಅಕ್ಕ ಆರು ಕಡೆ ಕೆಲಸ ಕೇಳಿದಳು. ಐದು ಕಡೆ ಹೆಸರು ಕೇಳಿಯೇ ತಲೆಯಾಡಿಸಿದರು. ಆರನೆಯವರು ಕೂರಿಸಿ, ನೀರು ಕೊಟ್ಟು, ಆ ಬೆರಳಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡು ಕಳಿಸಿದರು.

ಅವಳು ಮಗು ನೋಡಿಕೊಂಡು ಮನೆಯಲ್ಲಿ ಉಳಿದಳು. ಬೇರೆ ಎಲ್ಲಿಗೆ ಹೋಗುತ್ತಾಳೆ?

ಒಂದು ಭಾನುವಾರ ಬೆಳಗ್ಗೆ ತಮ್ಮ ಒಂದು ಕಟ್ಟು ಹಾಳೆ ತಂದು ಅವಳ ಮುಂದಿಟ್ಟ. ಕೆಮ್ಮಿದ. "ನಂಗೆ ಇದು ಓದಕ್ಕಾಗ್ತಿಲ್ಲಕ್ಕ. ಬರೆಯೋಕೆ ಬರುತ್ತೆ, ಬೇರೆಯವ್ರದ್ದು ಓದೋಕೆ ಹೋದ್ರೆ ಕಣ್ಣು ಜಾರುತ್ತೆ. ಒಂದ್ಸಲ ನೋಡ್ಬಿಡು."

ಅವಳು ಹಾಳೆ ಮುಟ್ಟಲಿಲ್ಲ. "ನಂಗೆ ಕಣ್ಣು ಮಂಜು ಅಂದ್ಯಲ್ಲ."

"ಹಳೇದೆಲ್ಲ ಯಾಕೀಗ?" ಅಂದ. ಅಷ್ಟರಲ್ಲಿ ಮಗು ಅತ್ತಿತು. ಹಾಳೆಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದ.

ಮೇಲಿನ ಹಾಳೆ ಅವಳ ಕಣ್ಣೆದುರೇ ಇತ್ತು. ಹನ್ನೊಂದು ವರ್ಷ ಓದಿದ ಕಣ್ಣಿಗೆ ಓದಬೇಡ ಎಂದರೆ ಕೇಳುತ್ತದೆಯೇ? ಮೂರನೆಯ ಪುಟ ತಿರುಗಿಸುವಾಗ ಸಿಕ್ಕಿತು. ಹೊಸದಾಗಿ ಸೇರಿದ ಯಾರೋ ಬರೆದದ್ದು. ಅದೇ ತಪ್ಪು, ಅಲಗು ಇಳಿಸುವ ಅದೇ ಜಾಗದಲ್ಲಿ. ವಿಳಾಸ ಹೋಗಬೇಕಾದಲ್ಲಿ ಬೆಲೆ ಹೋಗಿತ್ತು.

ಸುಮ್ಮನೆ ಹಾಳೆ ಮಡಿಸಿ ಸರಿಯಿದೆ ಅಂದರೆ ಸಾಕಿತ್ತು. ಈ ಸಲ ರಿಜಿಸ್ಟರಿನಲ್ಲಿ ಅವನ ಸಹಿ. ಈ ಸಲ ಅಧಿಕಾರಿಯ ಮುಂದೆ ಅವನು. ಆ ಯೋಚನೆ ಅವಳಿಗೆ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂತು, ಕೂತಿತು, ಬಹಳ ಹೊತ್ತು ಸಿಹಿಯಾಗಿಯೇ ಇತ್ತು. ಆಮೇಲೆ ದಿಂಬಿನ ಮೇಲಿಟ್ಟ ಕಟ್ಟಿದ ಕೈ ನೆನಪಾಯಿತು. ಕಂಡು ಏನು ಮಾಡಿದ್ರಿ?

ಎದ್ದು ಹೋಗಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಕೆಂಪು ಪೆನ್ಸಿಲ್ ತಂದಳು. ಸುತ್ತು ಹಾಕಲು ಕೈ ಇಳಿಸುತ್ತಿದ್ದಾಗ ತಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ. ನೋಡಿ ಅವನಿಗೆ ಎಷ್ಟೋ ಹಗುರವಾಯಿತು.

"ಕೆಂಪಲ್ಲಿ ಬೇಡಕ್ಕ" ಅಂದ. "ಸಾದಾ ಪೆನ್ಸಿಲಲ್ಲಿ ತೆಳ್ಳಗೆ ಹಾಕು. ಆಮೇಲೆ ನಾನು ಕೆಂಪಲ್ಲಿ ತಿದ್ದಿ, ನಿಂದು ಅಳಿಸ್ಬೇಕು."

ಅವಳು ಕೆಂಪು ಪೆನ್ಸಿಲನ್ನು ಅವನ ಕೈಗೆ ಕೊಟ್ಟಳು. ಸಾದಾ ಪೆನ್ಸಿಲಿಗೆ ಮೊನೆ ಇರಲಿಲ್ಲ, ಚಾಕು ತರಲು ಅಡುಗೆಮನೆಗೆ ಹೋದಳು.